ಎ.ಸಿ. ಪಿಗು: ಲೆಕ್ಕಪುಸ್ತಕದ ಆಚೆಗಿನ ವೆಚ್ಚವನ್ನು ಎಣಿಸಿದ ಅಧ್ಯಾಪಕ

ಅರ್ಥಶಾಸ್ತ್ರ ವಿಧಾನದ ಪ್ರಶಿಕ್ಷಣಾರ್ಥಿಗಳು ಅಭ್ಯಾಸ ಬೋಧನೆಗೆ ಬಾಹ್ಯತೆಯ ಪಾಠವನ್ನು ಆರಿಸಿಕೊಂಡಾಗ ಸಾಮಾನ್ಯವಾಗಿ ಕಪ್ಪುಹಲಗೆಯ ಚಿತ್ರದಿಂದಲೇ ಆರಂಭಿಸುತ್ತಾರೆ. ಕೆಳಗೆ ಖಾಸಗಿ ವೆಚ್ಚದ ರೇಖೆ, ಮೇಲೆ ಸಾಮಾಜಿಕ ವೆಚ್ಚದ ರೇಖೆ, ಎರಡರ ನಡುವೆ ಇರುವ ಅಂತರದಷ್ಟು ತೆರಿಗೆ. ಚಿತ್ರದಲ್ಲಿ ತಪ್ಪೇನೂ ಇರುವುದಿಲ್ಲ. ಆದರೆ ಆ ಅಂತರ ಯಾರ ಮನೆಯ ಖರ್ಚು, ಅದನ್ನು ಹೇಗೆ ಅಳೆಯುತ್ತಾರೆ ಎಂದು ವಿದ್ಯಾರ್ಥಿಯೊಬ್ಬ ಕೇಳಿದರೆ ಚಿತ್ರ ಉತ್ತರ ಕೊಡುವುದಿಲ್ಲ. ಈ ರೇಖೆಗಳ ಹಿಂದಿರುವ ವಿಚಾರವನ್ನು ಮೊದಲ ಬಾರಿಗೆ ವ್ಯವಸ್ಥಿತವಾಗಿ ಕಟ್ಟಿದವರು ಕೇಂಬ್ರಿಜ್‌ನ ಪ್ರಾಧ್ಯಾಪಕ ಆರ್ಥರ್ ಸೆಸಿಲ್ ಪಿಗು. ಅವರ ಬದುಕನ್ನೂ ಬರಹವನ್ನೂ ಸ್ವಲ್ಪ ಬಲ್ಲ ಅಧ್ಯಾಪಕರಿಗೆ ಈ ಪಾಠವನ್ನು ರೇಖೆಗಿಂತ ಮೊದಲು ಮನುಷ್ಯರಿಂದ ಆರಂಭಿಸುವುದು ಸುಲಭವಾಗುತ್ತದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಪಿಗು ಜನಿಸಿದ್ದು 1877ರ ನವೆಂಬರ್ 18ರಂದು, ಇಂಗ್ಲೆಂಡಿನ ದಕ್ಷಿಣಕ್ಕಿರುವ ವೈಟ್ ದ್ವೀಪದ ರೈಡ್ ಎಂಬ ಊರಿನಲ್ಲಿ. ತಂದೆ ಸೈನ್ಯದ ಅಧಿಕಾರಿ. ಪಿಗು ಎಂಬ ಮನೆತನದ ಹೆಸರು ಫ್ರಾನ್ಸಿನಿಂದ ವಲಸೆ ಬಂದ ಪ್ರಾಟೆಸ್ಟೆಂಟ್ ಪೂರ್ವಜರದ್ದು. ಬಾಲಕ ಹ್ಯಾರೋ ಶಾಲೆಗೆ ಸೇರಿ, ಅಲ್ಲಿ ವಿದ್ಯಾರ್ಥಿ ನಾಯಕನೂ ಆದ. 1896ರಲ್ಲಿ ಇತಿಹಾಸದ ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿಗೆ ಬಂದ.

ಅರ್ಥಶಾಸ್ತ್ರವನ್ನು ಓದಲೆಂದು ಅವರು ಅಲ್ಲಿಗೆ ಬಂದವರಲ್ಲ ಎಂಬುದನ್ನು ಗಮನಿಸಬೇಕು. 1899ರಲ್ಲಿ ಇತಿಹಾಸದಲ್ಲಿ ಪ್ರಥಮ ದರ್ಜೆ ಪಡೆದರು. ಅದೇ ವರ್ಷ ಇಂಗ್ಲಿಷ್ ಕಾವ್ಯರಚನೆಗೆ ವಿಶ್ವವಿದ್ಯಾಲಯದ ಚಿನ್ನದ ಪದಕವನ್ನೂ ಪಡೆದರು. ಮರುವರ್ಷ ನೀತಿಶಾಸ್ತ್ರ ವಿಭಾಗದ ಪರೀಕ್ಷೆಯಲ್ಲಿ ಮತ್ತೆ ಪ್ರಥಮ ದರ್ಜೆ. ವಿದ್ಯಾರ್ಥಿಗಳ ಚರ್ಚಾಕೂಟವಾದ ಕೇಂಬ್ರಿಜ್ ಯೂನಿಯನ್ನಿನ ಅಧ್ಯಕ್ಷರೂ ಆಗಿದ್ದರು. 1901ರಲ್ಲಿ ಪ್ರಕಟವಾದ ಅವರ ಮೊದಲ ಪುಸ್ತಕದ ವಿಷಯ ಅರ್ಥಶಾಸ್ತ್ರವಲ್ಲ, ಕವಿ ರಾಬರ್ಟ್ ಬ್ರೌನಿಂಗ್. ಆ ಕಾಲದ ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರವನ್ನು ನೀತಿಶಾಸ್ತ್ರದ ಜೊತೆಯಲ್ಲೇ ಕಲಿಸುತ್ತಿದ್ದರು. ಹಾಗಾಗಿ ಇತಿಹಾಸ, ಕಾವ್ಯ, ನೀತಿ ಈ ಮೂರರ ದಾರಿಯಿಂದ ನಡೆದು ಅವರು ಆಲ್ಫ್ರೆಡ್ ಮಾರ್ಷಲ್ಲರ ತರಗತಿಗೆ ಬಂದರು.

ಬೇಡಿಕೆ ಮತ್ತು ಪೂರೈಕೆಗಳು ಕತ್ತರಿಯ ಎರಡು ಅಲಗುಗಳಿದ್ದಂತೆ ಎಂದು ಕಲಿಸಿದ ಮಾರ್ಷಲ್ ಆಗ ಬ್ರಿಟನ್ನಿನ ಅತ್ಯಂತ ಪ್ರಭಾವಿ ಅರ್ಥಶಾಸ್ತ್ರಜ್ಞರು. 1890ರ ತಮ್ಮ ಗ್ರಂಥದಲ್ಲಿ ಅವರು ಬಾಹ್ಯ ಮಿತವ್ಯಯದ ಕಲ್ಪನೆಯನ್ನು ವಿವರಿಸಿದ್ದರು: ಒಂದೇ ಉದ್ದಿಮೆಯ ಹಲವು ಘಟಕಗಳು ಒಂದೇ ಊರಿನಲ್ಲಿ ನೆಲೆಸಿದಾಗ ಕುಶಲ ಕೆಲಸಗಾರರು ಸುಲಭವಾಗಿ ಸಿಗುತ್ತಾರೆ, ಹೊಸ ವಿಧಾನಗಳು ಬೇಗ ಹರಡುತ್ತವೆ, ಎಲ್ಲರ ವೆಚ್ಚವೂ ತಗ್ಗುತ್ತದೆ. ಒಬ್ಬರ ಕೆಲಸದ ಪರಿಣಾಮ ಇನ್ನೊಬ್ಬರ ಲೆಕ್ಕವನ್ನು ಬದಲಿಸಬಲ್ಲದು ಎಂಬ ಬೀಜ ಇದರಲ್ಲಿತ್ತು. ಅದನ್ನು ಬೆಳೆಸಿದವರು ಶಿಷ್ಯ ಪಿಗು.

ಮೂವತ್ತರಲ್ಲಿ ಪ್ರಾಧ್ಯಾಪಕ

1901ರಿಂದ ಪಿಗು ಅರ್ಥಶಾಸ್ತ್ರದ ಉಪನ್ಯಾಸ ಆರಂಭಿಸಿದರು. 1902ರಲ್ಲಿ ಕಿಂಗ್ಸ್ ಕಾಲೇಜಿನ ಫೆಲೋ ಆದರು. 1903ರಲ್ಲಿ ಆಮದು ಸುಂಕದ ಪ್ರಶ್ನೆ ಬ್ರಿಟನ್ನಿನ ರಾಜಕೀಯವನ್ನೇ ಎರಡು ಪಾಲು ಮಾಡಿದಾಗ, ಸುಂಕವನ್ನು ವಿರೋಧಿಸಿ ಪತ್ರಿಕೆಗೆ ಬರೆದ ಹದಿನಾಲ್ಕು ಅರ್ಥಶಾಸ್ತ್ರಜ್ಞರಲ್ಲಿ ಮಾರ್ಷಲ್ಲರ ಜೊತೆಗೆ ಈ ತರುಣನ ಸಹಿಯೂ ಇತ್ತು. 1908ರಲ್ಲಿ ಮಾರ್ಷಲ್ ನಿವೃತ್ತರಾದರು. ಅವರ ಪೀಠಕ್ಕೆ ಹಿರಿಯರಾದ ಹರ್ಬರ್ಟ್ ಫಾಕ್ಸ್‌ವೆಲ್ ಬರುತ್ತಾರೆಂದು ಹಲವರು ಎಣಿಸಿದ್ದರು. ಆಯ್ಕೆಯಾದವರು ಮೂವತ್ತು ವರ್ಷದ ಪಿಗು. 1943ರವರೆಗೆ, ಅಂದರೆ ಮೂವತ್ತೈದು ವರ್ಷ, ಅವರು ಆ ಪೀಠದಲ್ಲಿದ್ದರು.

ಹೊಸ ಪ್ರಾಧ್ಯಾಪಕರು ಆರಂಭದಲ್ಲೇ ಮಾಡಿದ ಒಂದು ಕೆಲಸವನ್ನು ಶಿಕ್ಷಕರಾದ ನಾವು ವಿಶೇಷವಾಗಿ ನೆನೆಯಬೇಕು. ವಿಭಾಗದಲ್ಲಿ ಕಲಿಸುವವರ ಕೊರತೆ ಇತ್ತು, ವೇತನಕ್ಕೆ ಹಣವಿರಲಿಲ್ಲ. ಜಾನ್ ಮೇನಾರ್ಡ್ ಕೇನ್ಸ್ ಎಂಬ ಯುವಕನನ್ನು ಉಪನ್ಯಾಸಕ್ಕೆ ಕರೆಸಿ, ವರ್ಷಕ್ಕೆ 100 ಪೌಂಡನ್ನು ಪಿಗು ತಮ್ಮ ಜೇಬಿನಿಂದಲೇ ಕೊಟ್ಟರು. ಮುಂದೆ ಅದೇ ಕೇನ್ಸ್ ಪಿಗು ಅವರ ಸಿದ್ಧಾಂತವನ್ನೇ ಕಟುವಾಗಿ ಟೀಕಿಸಿದರು. ಆ ಸಂಗತಿಗೆ ಮುಂದೆ ಬರೋಣ.

ಪಿಗು ಮದುವೆಯಾಗಲಿಲ್ಲ. ಕಾಲೇಜಿನ ಕೋಣೆಗಳಲ್ಲೇ ಬದುಕಿದರು. ಉಡುಪಿನ ಬಗ್ಗೆ ಅವರಿಗೆ ಗಮನವೇ ಇರಲಿಲ್ಲ. ಹಳೆಯ, ಸವೆದ ಬಟ್ಟೆಯಲ್ಲೇ ಓಡಾಡುತ್ತಿದ್ದರು. ಇಡೀ ಕೇಂಬ್ರಿಜ್ ಅವರನ್ನು ಪ್ರೊಫೆಸರ್ ಎಂಬುದರ ಚುಟುಕು ರೂಪದಲ್ಲಿ ಪ್ರೊಫ್ ಎಂದೇ ಕರೆಯುತ್ತಿತ್ತು. ಬಿಡುವು ಸಿಕ್ಕಿದರೆ ಬೆಟ್ಟ ಹತ್ತಲು ಹೊರಡುತ್ತಿದ್ದರು. ಆಲ್ಪ್ಸ್ ಪರ್ವತಗಳು ಅವರಿಗೆ ಚಿರಪರಿಚಿತ. ಇಂಗ್ಲೆಂಡಿನ ಸರೋವರ ಪ್ರದೇಶದ ಬಟರ್‌ಮಿಯರ್‌ನಲ್ಲಿ ಅವರಿಗೊಂದು ಮನೆಯಿತ್ತು. ಸ್ನೇಹಿತರನ್ನೂ ವಿದ್ಯಾರ್ಥಿಗಳನ್ನೂ ಅಲ್ಲಿಗೆ ಕರೆದೊಯ್ದು ಬೆಟ್ಟ ಹತ್ತಿಸುತ್ತಿದ್ದರು. 1953ರ ಎವರೆಸ್ಟ್ ತಂಡದಲ್ಲಿದ್ದ ವಿಲ್‌ಫ್ರಿಡ್ ನಾಯ್ಸ್ ಅವರ ಆಪ್ತ ಕಿರಿಯ ಗೆಳೆಯರಲ್ಲಿ ಒಬ್ಬರು.

ಯುದ್ಧ ಮಾಡಿದ ಬದಲಾವಣೆ

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಇನ್ನೊಬ್ಬರ ಪ್ರಾಣ ತೆಗೆಯುವ ಕೆಲಸಕ್ಕೆ ಪಿಗು ಅವರ ಮನಸ್ಸು ಒಪ್ಪಲಿಲ್ಲ. ಹಾಗೆಂದು ಕೇಂಬ್ರಿಜ್‌ನ ಸುರಕ್ಷಿತ ಕೋಣೆಯಲ್ಲಿ ಕುಳಿತಿರಲೂ ಒಪ್ಪಲಿಲ್ಲ. ಪಾಠದ ಅವಧಿಯಲ್ಲಿ ಪಾಠ ಮಾಡಿ, ರಜೆ ಬಂದೊಡನೆ ಕ್ವೇಕರ್ ಪಂಥದವರು ನಡೆಸುತ್ತಿದ್ದ ಆಂಬುಲೆನ್ಸ್ ದಳ ಸೇರಿ, ಫ್ರಾನ್ಸ್, ಬೆಲ್ಜಿಯಂ ಮತ್ತು ಇಟಲಿಯ ರಣರಂಗಗಳ ಬಳಿ ಗಾಯಾಳುಗಳ ಸೇವೆ ಮಾಡಿದರು. ಅಪಾಯದ ಕೆಲಸಗಳನ್ನು ತಾವಾಗಿಯೇ ಕೇಳಿ ಪಡೆಯುತ್ತಿದ್ದರು. ಯುದ್ಧಕ್ಕೆ ಮುಂಚೆ ಲವಲವಿಕೆಯ ಮಾತುಗಾರರಾಗಿದ್ದವರು ಯುದ್ಧದ ನಂತರ ಜನರಿಂದ ದೂರವಾಗಿ ಮೌನಿಯಾದರೆಂದು ಅವರನ್ನು ಬಲ್ಲವರು ಬರೆದಿದ್ದಾರೆ.

ಅವರ ಮುಖ್ಯ ಗ್ರಂಥವು ಈ ಅನುಭವದ ಎರಡೂ ಬದಿಗಳನ್ನು ವ್ಯಾಪಿಸಿದೆ. 1912ರಲ್ಲಿ ಸಂಪತ್ತು ಮತ್ತು ಕಲ್ಯಾಣದ ಮೇಲೆ ಬರೆದ ಪುಸ್ತಕವನ್ನು ವಿಸ್ತರಿಸಿ, 1920ರಲ್ಲಿ 'ದಿ ಎಕನಾಮಿಕ್ಸ್ ಆಫ್ ವೆಲ್‌ಫೇರ್' ಎಂಬ ದೊಡ್ಡ ಗ್ರಂಥವಾಗಿ ಪ್ರಕಟಿಸಿದರು. ನಾಲ್ಕನೆಯ ಆವೃತ್ತಿ 1932ರಲ್ಲಿ ಬಂತು. ಕಲ್ಯಾಣ ಅರ್ಥಶಾಸ್ತ್ರ ಎಂದು ನಾವು ಇಂದು ಕರೆಯುವ ಶಾಖೆಗೆ ಈ ಪುಸ್ತಕವೇ ಹೆಸರು ಕೊಟ್ಟಿತು. ಅರ್ಥಶಾಸ್ತ್ರದ ಹುಟ್ಟು ಬೆರಗಿನಲ್ಲಿ ಅಲ್ಲ, ಬಡವರ ಕೇರಿಗಳ ಹೀನ ಸ್ಥಿತಿಯನ್ನು ಕಂಡು ಸಹಿಸಲಾರದ ಮನಸ್ಸಿನಲ್ಲಿ ಎಂಬುದು ಪುಸ್ತಕದ ಆರಂಭದಲ್ಲೇ ಅವರು ಹಾಕಿಕೊಂಡ ಗೆರೆ. ಜ್ಞಾನ ಬೆಳಕನ್ನೂ ಕೊಡಬಹುದು, ಫಲವನ್ನೂ ಕೊಡಬಹುದು. ಅರ್ಥಶಾಸ್ತ್ರದಿಂದ ಮುಖ್ಯವಾಗಿ ಬಯಸಬೇಕಾದದ್ದು ಫಲವನ್ನು ಎಂದು ಅವರು ನಂಬಿದ್ದರು.

ಹೊಗೆ, ಸೋಪು ಮತ್ತು ಏಳೂವರೆ ಪೆನ್ನಿ

ಬಾಹ್ಯತೆ ಎಂಬ ಪದ ಪಿಗು ಅವರದ್ದಲ್ಲ. ಅದು ನಂತರ ಬಳಕೆಗೆ ಬಂತು. ಅವರು ಹೇಳಿದ್ದು ಎರಡು ಫಲಗಳ ಬಗ್ಗೆ. ಒಂದು ಉದ್ಯಮಕ್ಕೆ ಸ್ವಲ್ಪ ಹೆಚ್ಚು ಸಂಪನ್ಮೂಲ ಹಾಕಿದಾಗ ಹಾಕಿದವನಿಗೆ ಸಿಗುವ ನಿವ್ವಳ ಫಲ ಒಂದು. ಅದರಿಂದ ಇಡೀ ಸಮಾಜಕ್ಕೆ ಸಿಗುವ ನಿವ್ವಳ ಫಲ ಇನ್ನೊಂದು. ಇವೆರಡೂ ಸಮವಾಗಿದ್ದರೆ ತನ್ನ ಲಾಭವನ್ನು ಹುಡುಕುವ ಉದ್ಯಮಿ ಸಮಾಜಕ್ಕೂ ಒಳಿತು ಮಾಡುತ್ತಾನೆ. ಸಮವಾಗಿಲ್ಲದಿದ್ದರೆ ಮಾರುಕಟ್ಟೆ ತಪ್ಪು ಪ್ರಮಾಣದಲ್ಲಿ ಉತ್ಪಾದಿಸುತ್ತದೆ. ಕೆಲವು ವಸ್ತುಗಳು ಅತಿಯಾಗುತ್ತವೆ, ಕೆಲವು ಕಡಿಮೆಯಾಗುತ್ತವೆ.

ಇದಕ್ಕೆ ಅವರು ಕೊಟ್ಟ ಉದಾಹರಣೆಗಳು ದಿನನಿತ್ಯದ ಬದುಕಿನಿಂದ ಬಂದವು. ರೈಲು ಎಂಜಿನ್ನಿನ ಕಿಡಿ ಹಾರಿ ಪಕ್ಕದ ಕಾಡಿಗೆ ಬೆಂಕಿ ಬೀಳುತ್ತದೆ. ಕಾಡಿನ ನಷ್ಟ ರೈಲು ಕಂಪನಿಯ ಲೆಕ್ಕದಲ್ಲಿ ಇರುವುದಿಲ್ಲ. ಮದ್ಯದ ವ್ಯಾಪಾರ ಹೆಚ್ಚಿದರೆ ಪೊಲೀಸ್ ಮತ್ತು ಜೈಲಿನ ಖರ್ಚು ಹೆಚ್ಚುತ್ತದೆ. ಅದನ್ನು ವ್ಯಾಪಾರಿ ಭರಿಸುವುದಿಲ್ಲ. ಮೋಟಾರು ವಾಹನಗಳು ರಸ್ತೆಯನ್ನು ಸವೆಸುತ್ತವೆ. ಇನ್ನೊಂದು ಬದಿಯಲ್ಲಿ, ಮನೆಯ ಬಾಗಿಲಿಗೆ ಹಚ್ಚಿಟ್ಟ ದೀಪ ಬೀದಿಗೂ ಬೆಳಕು ಕೊಡುತ್ತದೆ. ದೀಪಸ್ತಂಭದ ಉಪಯೋಗ ಹಣ ಕೊಡದ ಹಡಗುಗಳಿಗೂ ಆಗುತ್ತದೆ. ಒಬ್ಬರು ಬೆಳೆಸಿದ ಕಾಡಿನಿಂದ ಸುತ್ತಲಿನವರಿಗೂ ಒಳಿತು. ವಿಜ್ಞಾನಿಯ ಸಂಶೋಧನೆಯ ಪ್ರಯೋಜನದಲ್ಲಿ ಬಹುಪಾಲು ಇತರರಿಗೆ ಸೇರುತ್ತದೆ.

ಎಲ್ಲಕ್ಕಿಂತ ಬೋಧನೆಗೆ ಒದಗುವ ಉದಾಹರಣೆ ಕಾರ್ಖಾನೆಯ ಹೊಗೆಯದ್ದು. ಹೊಗೆಯಿಂದ ಕಟ್ಟಡಗಳು ಹಾಳಾಗುತ್ತವೆ, ತರಕಾರಿ ಬೆಳೆ ಕೆಡುತ್ತದೆ, ಬಟ್ಟೆ ಒಗೆಯುವ ಮತ್ತು ಮನೆ ಗುಡಿಸುವ ಖರ್ಚು ಏರುತ್ತದೆ, ಹಗಲಲ್ಲೂ ದೀಪ ಹಚ್ಚಬೇಕಾಗುತ್ತದೆ ಎಂದು ಪಿಗು ಪಟ್ಟಿ ಮಾಡಿದರು. ಪಟ್ಟಿಯ ಜೊತೆಗೆ ಒಂದು ಅಳತೆಯನ್ನೂ ಕೊಟ್ಟರು. 1918ರಲ್ಲಿ ಮ್ಯಾಂಚೆಸ್ಟರ್ ನಗರದ ವಾಯುಮಾಲಿನ್ಯ ಸಲಹಾ ಮಂಡಳಿ ಒಂದು ತನಿಖೆ ನಡೆಸಿತ್ತು. ಹೊಗೆ ತುಂಬಿದ ಮ್ಯಾಂಚೆಸ್ಟರ್ ಒಂದು ಕಡೆ, ಶುದ್ಧ ಗಾಳಿಯ ಹ್ಯಾರೊಗೇಟ್ ಇನ್ನೊಂದು ಕಡೆ. ಎರಡೂ ಊರುಗಳಲ್ಲಿ ಹೋಲಿಸಲು ತಕ್ಕಂಥ ತಲಾ ನೂರು ಕಾರ್ಮಿಕ ಮನೆಗಳಿಂದ ವಾರದ ಬಟ್ಟೆ ಒಗೆಯುವ ಖರ್ಚಿನ ವಿವರ ಸಂಗ್ರಹಿಸಲಾಯಿತು. ಮ್ಯಾಂಚೆಸ್ಟರ್‌ನ ಮನೆಗೆ ವಾರಕ್ಕೆ ಏಳೂವರೆ ಪೆನ್ನಿ ಹೆಚ್ಚು ಖರ್ಚಾಗುತ್ತಿತ್ತು. ಏಳೂವರೆ ಲಕ್ಷ ಜನಸಂಖ್ಯೆಯ ಆ ನಗರಕ್ಕೆ ಒಟ್ಟು ನಷ್ಟ ವರ್ಷಕ್ಕೆ 2,90,000 ಪೌಂಡಿಗೂ ಹೆಚ್ಚು.

ಈ ಲೆಕ್ಕವನ್ನು ತರಗತಿಯಲ್ಲೇ ಮಾಡಿಸಬಹುದು. ಆಗ ಒಂದು ಪೌಂಡಿಗೆ 240 ಪೆನ್ನಿ. ವಾರಕ್ಕೆ ಏಳೂವರೆಯಂತೆ 52 ವಾರಕ್ಕೆ 390 ಪೆನ್ನಿ, ಅಂದರೆ ಒಂದು ಮನೆಗೆ ವರ್ಷಕ್ಕೆ 1.625 ಪೌಂಡ್. ಒಟ್ಟು ನಷ್ಟವನ್ನು ಇದರಿಂದ ಭಾಗಿಸಿದರೆ ಸುಮಾರು 1,78,000 ಮನೆಗಳು. ಮನೆಗೆ ನಾಲ್ವರಿಗಿಂತ ಸ್ವಲ್ಪ ಹೆಚ್ಚು ಜನ. ಲೆಕ್ಕ ಸರಿಹೊಂದುತ್ತದೆ ಎಂಬುದನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳುತ್ತಾರೆ. ಒಂದು ಮನೆಗೆ ಗಮನಕ್ಕೂ ಬಾರದ ಸಣ್ಣ ಮೊತ್ತ ಒಂದು ನಗರಕ್ಕೆ ಎಷ್ಟು ದೊಡ್ಡದಾಗುತ್ತದೆ ಎಂಬುದು ಆಗ ಅವರಿಗೆ ತಾನಾಗಿ ಮನವರಿಕೆಯಾಗುತ್ತದೆ.

ಇಲ್ಲಿಗೆ ಪಾಠ ಮುಗಿಯಬಾರದು. ಆ ಮೊತ್ತದಲ್ಲಿ ಸೇರಿದ್ದು ನೀರು ಕಾಯಿಸುವ ಇಂಧನ ಮತ್ತು ಒಗೆಯುವ ಸಾಮಗ್ರಿ ಮಾತ್ರ. ಹೆಚ್ಚಿನ ದುಡಿಮೆಯನ್ನು ಅದರಲ್ಲಿ ಎಣಿಸಿರಲಿಲ್ಲ. ಅದನ್ನು ಬಿಡಲಾಗಿದೆ ಎಂಬುದನ್ನು ಪಿಗು ದಾಖಲಿಸಿದರು. ಬಟ್ಟೆ ಒಗೆಯುತ್ತಿದ್ದ ಕೈಗಳು ಬಹುತೇಕ ಆ ಮನೆಗಳ ಹೆಂಗಸರದ್ದು. ಅವರಿಗೆ ಕೂಲಿ ಇರಲಿಲ್ಲ. ಕೂಲಿ ಇಲ್ಲದ್ದಕ್ಕೆ ಬೆಲೆಯೂ ಇರಲಿಲ್ಲ. ಬೆಲೆ ಇಲ್ಲದ್ದು ಲೆಕ್ಕಕ್ಕೆ ಬರಲಿಲ್ಲ. ಇದೇ ಗ್ರಂಥದ ಇನ್ನೊಂದು ಕಡೆ ಪಿಗು ಮತ್ತೊಂದು ವಿಚಿತ್ರವನ್ನು ತೋರಿಸಿದ್ದಾರೆ. ಒಬ್ಬ ಮನುಷ್ಯ ಸಂಬಳ ಕೊಟ್ಟು ಇಟ್ಟುಕೊಂಡಿದ್ದ ಮನೆಗೆಲಸದವಳನ್ನೇ ಮದುವೆಯಾದರೆ ರಾಷ್ಟ್ರೀಯ ವರಮಾನ ಕಡಿಮೆಯಾಗುತ್ತದೆ. ಕೆಲಸ ಅದೇ, ಮಾಡುವವಳು ಅವಳೇ; ಸಂಬಳ ನಿಂತಿದ್ದರಿಂದ ದೇಶದ ಲೆಕ್ಕದಿಂದ ಆ ಕೆಲಸ ಕಾಣೆಯಾಗುತ್ತದೆ. ಪದವಿಪೂರ್ವ ತರಗತಿಯಲ್ಲಿ ಒಟ್ಟು ದೇಶೀಯ ಉತ್ಪನ್ನವು ಕಲ್ಯಾಣದ ಸರಿಯಾದ ಸೂಚ್ಯಂಕವೇ ಎಂದು ಚರ್ಚಿಸುವಾಗ ಹಣೇತರ ವಿನಿಮಯ ಮತ್ತು ಬಾಹ್ಯತೆ ಎಂಬ ಎರಡು ಅಂಶಗಳನ್ನು ಅಕ್ಕಪಕ್ಕದಲ್ಲೇ ಕಲಿಸುತ್ತೇವೆ. ಎರಡೂ ಒಂದೇ ಪ್ರಶ್ನೆಯ ಎರಡು ಮುಖಗಳೆಂದು ಮ್ಯಾಂಚೆಸ್ಟರ್‌ನ ಬಟ್ಟೆಯ ಕಥೆ ತೋರಿಸುತ್ತದೆ.

ತೆರಿಗೆಯ ತರ್ಕ

ಖಾಸಗಿ ಫಲ ಮತ್ತು ಸಾಮಾಜಿಕ ಫಲಗಳ ಅಂತರವನ್ನು ಮುಚ್ಚಲು ಪಿಗು ಸೂಚಿಸಿದ ನೇರ ಉಪಾಯಗಳು ಎರಡು. ಹಾನಿ ಮಾಡುವ ಚಟುವಟಿಕೆಗೆ ತೆರಿಗೆ, ಒಳಿತು ಹರಡುವ ಚಟುವಟಿಕೆಗೆ ಸಹಾಯಧನ. ಇದರ ಕೆಲಸವನ್ನು ಒಂದು ಕಲ್ಪಿತ ಉದಾಹರಣೆಯಿಂದ ತೋರಿಸಬಹುದು. ಅಂಕಿಗಳನ್ನು ಲೆಕ್ಕದ ಸೌಲಭ್ಯಕ್ಕಾಗಿ ಆರಿಸಲಾಗಿದೆ.

ಒಂದು ಬಣ್ಣದ ಕಾರ್ಖಾನೆ ತನ್ನ ಸರಕನ್ನು ಮಾರುಕಟ್ಟೆಯಲ್ಲಿ ಘಟಕಕ್ಕೆ 100 ರೂಪಾಯಿಗೆ ಮಾರುತ್ತದೆ. ಮೊದಲ ಘಟಕ ತಯಾರಿಸಲು 60 ರೂ., ಎರಡನೆಯದಕ್ಕೆ 70, ಮೂರನೆಯದಕ್ಕೆ 80, ನಾಲ್ಕನೆಯದಕ್ಕೆ 90, ಐದನೆಯದಕ್ಕೆ 100 ರೂ. ತಗಲುತ್ತದೆ. ಸೀಮಾಂತ ವೆಚ್ಚ ಬೆಲೆಗೆ ಸಮನಾಗುವವರೆಗೆ ಉತ್ಪಾದಿಸುವುದು ಉದ್ಯಮ ಘಟಕದ ನಿಯಮ. ಹಾಗಾಗಿ ಅದು ಐದು ಘಟಕ ತಯಾರಿಸಿ 100 ರೂ. ಲಾಭ ಪಡೆಯುತ್ತದೆ. ಆದರೆ ಪ್ರತಿ ಘಟಕಕ್ಕೂ ಹೊಳೆಗೆ ಹರಿಯುವ ಬಣ್ಣದ ನೀರಿನಿಂದ ಕೆಳಗಿನ ಹೊಲದವರಿಗೆ 20 ರೂ. ನಷ್ಟವಾಗುತ್ತದೆ. ಐದು ಘಟಕಕ್ಕೆ ನಷ್ಟ 100 ರೂ. ಕಾರ್ಖಾನೆಯ ಪುಸ್ತಕದಲ್ಲಿ 100 ರೂ. ಲಾಭ ಕಂಡರೂ ಸಮಾಜದ ಪುಸ್ತಕದಲ್ಲಿ ಉಳಿದದ್ದು ಸೊನ್ನೆ.

ಈಗ ಘಟಕಕ್ಕೆ 20 ರೂ. ತೆರಿಗೆ ಹಾಕೋಣ. ಕಾರ್ಖಾನೆಯ ಸೀಮಾಂತ ವೆಚ್ಚ 80, 90, 100, 110, 120 ಆಗುತ್ತದೆ. ಅದು ಮೂರು ಘಟಕಕ್ಕೆ ನಿಲ್ಲುತ್ತದೆ. ತೆರಿಗೆ ಕೊಟ್ಟ ಮೇಲೆ ಅದರ ಲಾಭ 30 ರೂ., ಸರ್ಕಾರಕ್ಕೆ ಬಂದದ್ದು 60 ರೂ., ಹೊಲದವರ ನಷ್ಟ 60 ರೂ. ಸಮಾಜಕ್ಕೆ ನಿವ್ವಳ ಉಳಿಕೆ 30 ರೂ. ಕೈಬಿಟ್ಟ ನಾಲ್ಕನೆಯ ಮತ್ತು ಐದನೆಯ ಘಟಕಗಳು ಸಮಾಜಕ್ಕೆ ಕ್ರಮವಾಗಿ 10 ಮತ್ತು 20 ರೂಪಾಯಿ ನಷ್ಟ ತರುತ್ತಿದ್ದವು. ಉಳಿದ 30 ರೂ. ಅಲ್ಲಿಂದ ಬಂದದ್ದು. ದಕ್ಷತೆಯ ನಷ್ಟ ಎಂದು ನಾವು ಚಿತ್ರದಲ್ಲಿ ಗೆರೆ ಹಾಕಿ ತೋರಿಸುವ ತ್ರಿಕೋನ ಇದೇ.

ವಿದ್ಯಾರ್ಥಿಗಳು ಇಲ್ಲಿ ಎರಡು ವಿಷಯ ಗಮನಿಸಬೇಕು. ಮೊದಲನೆಯದು, ತೆರಿಗೆಯ ನಂತರವೂ ಮಾಲಿನ್ಯ ಪೂರ್ತಿ ನಿಲ್ಲಲಿಲ್ಲ. ಮಾಲಿನ್ಯವನ್ನು ಸೊನ್ನೆಗೆ ಇಳಿಸುವುದು ಪಿಗು ತೆರಿಗೆಯ ಗುರಿಯಲ್ಲ. ಅದರ ವೆಚ್ಚವನ್ನು ನಿರ್ಧಾರ ಮಾಡುವವನ ಮುಂದೆ ಇಡುವುದು ಗುರಿ. ಎರಡನೆಯದು, ಘಟಕಕ್ಕೆ 12 ರೂ. ಖರ್ಚಿನಲ್ಲಿ ನೀರನ್ನು ಪೂರ್ತಿ ಶುದ್ಧಗೊಳಿಸುವ ಸಾಧನ ದೊರೆತರೆ ಏನಾಗುತ್ತದೆ? ತೆರಿಗೆ ಇಲ್ಲದಿದ್ದಾಗ ಕಾರ್ಖಾನೆ ಅದನ್ನು ಕೊಳ್ಳುವುದಿಲ್ಲ. ಹಾನಿಯ ಮೇಲೆ ತೆರಿಗೆ ಇದ್ದಾಗ, 20 ರೂ. ತೆರಿಗೆ ತಪ್ಪಿಸಲು 12 ರೂ. ಖರ್ಚು ಮಾಡುವುದೇ ಲಾಭ. ಆಗ ವೆಚ್ಚ 72, 82, 92, 102 ಆಗಿ, ಕಾರ್ಖಾನೆ ಮೂರು ಘಟಕ ತಯಾರಿಸಿ 54 ರೂ. ಲಾಭ ಪಡೆಯುತ್ತದೆ. ಹೊಲದವರಿಗೆ ನಷ್ಟವಿಲ್ಲ. ಸಮಾಜದ ಉಳಿಕೆ 30ರಿಂದ 54ಕ್ಕೆ ಏರಿತು. ಸರ್ಕಾರಕ್ಕೆ ತೆರಿಗೆ ಬರಲಿಲ್ಲ. ಆದರೂ ತೆರಿಗೆ ತನ್ನ ಕೆಲಸ ಮಾಡಿತು. ಈ ಕೊನೆಯ ಹೆಜ್ಜೆಗೆ ಒಂದು ಷರತ್ತಿದೆ: ತೆರಿಗೆ ಸರಕಿನ ಮೇಲೆ ಅಲ್ಲ, ಹಾನಿಯ ಮೇಲೆ ಇರಬೇಕು. ಸರಕಿನ ಮೇಲೆ ಹಾಕಿದರೆ ಶುದ್ಧಗೊಳಿಸಿದವನೂ ಶುದ್ಧಗೊಳಿಸದವನೂ ಒಂದೇ ಮೊತ್ತ ಕೊಡಬೇಕಾಗುತ್ತದೆ.

ತೆರಿಗೆ ಪಿಗು ಅವರಿಗೆ ಪುಸ್ತಕದ ವಿಷಯ ಮಾತ್ರವಾಗಿರಲಿಲ್ಲ. 1919–20ರಲ್ಲಿ ಬ್ರಿಟನ್ನಿನ ಆದಾಯ ತೆರಿಗೆ ಕುರಿತ ರಾಯಲ್ ಆಯೋಗದ ಸದಸ್ಯರಾಗಿದ್ದರು. 1928ರಲ್ಲಿ ಸಾರ್ವಜನಿಕ ಹಣಕಾಸಿನ ಮೇಲೆ ಪ್ರತ್ಯೇಕ ಗ್ರಂಥ ಬರೆದರು. ಸರ್ಕಾರದ ಶಕ್ತಿಯ ಬಗ್ಗೆ ಅವರಿಗೆ ಕುರುಡು ನಂಬಿಕೆಯೂ ಇರಲಿಲ್ಲ. ಮಾರುಕಟ್ಟೆಯ ಲೋಪವನ್ನು ಕೋಣೆಯಲ್ಲಿ ಕುಳಿತ ಪಂಡಿತ ಕಲ್ಪಿಸಿದ ಆದರ್ಶ ಸರ್ಕಾರದ ಜೊತೆ ಹೋಲಿಸುವುದು ನ್ಯಾಯವಲ್ಲ ಎಂದು ಅವರು ಎಚ್ಚರಿಸಿದ್ದರು. ಅಧಿಕಾರದಲ್ಲಿರುವವರಿಗೂ ಅಜ್ಞಾನವಿರುತ್ತದೆ, ಒತ್ತಡಗಳಿರುತ್ತವೆ, ಸ್ವಾರ್ಥವಿರುತ್ತದೆ. ಪಿಗು ಅವರನ್ನು ಎಲ್ಲದಕ್ಕೂ ಸರ್ಕಾರವನ್ನು ಕರೆದವರೆಂದು ಚಿತ್ರಿಸುವ ಟಿಪ್ಪಣಿಗಳು ಈ ಭಾಗವನ್ನು ಬಿಟ್ಟುಬಿಡುತ್ತವೆ. ನಮ್ಮ ಪಾಠಯೋಜನೆ ಬಿಡಬಾರದು.

ಟೀಕೆಯನ್ನು ಸ್ವೀಕರಿಸಿದ ರೀತಿ

ಮಧ್ಯವಯಸ್ಸು ದಾಟಿದಾಗ ಪಿಗು ಅವರಿಗೆ ಹೃದಯದ ಕಾಯಿಲೆ ಬಂತು. ಬೆಟ್ಟ ಹತ್ತುವುದು ಕಡಿಮೆಯಾಯಿತು, ಬರೆಯುವುದು ನಿಲ್ಲಲಿಲ್ಲ. ಮಹಾ ಆರ್ಥಿಕ ಕುಸಿತದ ನಡುವೆ, 1933ರಲ್ಲಿ, ನಿರುದ್ಯೋಗದ ಸಿದ್ಧಾಂತದ ಮೇಲೆ ಪುಸ್ತಕ ಪ್ರಕಟಿಸಿದರು. 1936ರಲ್ಲಿ ಕೇನ್ಸ್ ತಮ್ಮ ಪ್ರಸಿದ್ಧ ಗ್ರಂಥ ಹೊರತಂದಾಗ, ತಾವು ಅಲ್ಲಗಳೆಯುತ್ತಿದ್ದ ಹಳೆಯ ಪಂಥದ ಮಾದರಿಯಾಗಿ ಪಿಗು ಅವರ ಆ ಪುಸ್ತಕವನ್ನೇ ಎತ್ತಿಕೊಂಡರು. ಒಂದು ಕಾಲಕ್ಕೆ ತಮ್ಮ ಹಣದಿಂದ ಪಾಠಕ್ಕೆ ನಿಲ್ಲಿಸಿದ ಸಹೋದ್ಯೋಗಿಯಿಂದ ಬಂದ ಪೆಟ್ಟು ಅದು. ಪಿಗು ಅದೇ ವರ್ಷ ಬರೆದ ವಿಮರ್ಶೆಯಲ್ಲಿ ಕೇನ್ಸ್ ಮೇಲೆ ಕಟುವಾಗಿಯೇ ತಿರುಗಿಬಿದ್ದರು. ಇತರ ಅರ್ಥಶಾಸ್ತ್ರಜ್ಞರನ್ನು, ಮುಖ್ಯವಾಗಿ ತಮ್ಮ ಗುರು ಮಾರ್ಷಲ್ಲರನ್ನು ಕೇನ್ಸ್ ನಡೆಸಿಕೊಂಡ ರೀತಿ ಅವರಿಗೆ ಸರಿಕಂಡಿರಲಿಲ್ಲ.

ಕೇನ್ಸ್ 1946ರಲ್ಲಿ ತೀರಿಕೊಂಡರು. 1949ರಲ್ಲಿ ನಿವೃತ್ತ ಪಿಗು ಕೇಂಬ್ರಿಜ್‌ನಲ್ಲಿ ಎರಡು ಉಪನ್ಯಾಸ ನೀಡಿದರು. ಆಗ ಅವರ ವಯಸ್ಸು ಎಪ್ಪತ್ತು ದಾಟಿತ್ತು. ಕೇನ್ಸ್ ಗ್ರಂಥವನ್ನು ಮತ್ತೆ ಓದಿ, ಅದರಲ್ಲಿದ್ದ ಮುಖ್ಯ ವಿಚಾರದ ಮಹತ್ವವನ್ನು ತಾವು ಮೊದಲ ಓದಿನಲ್ಲಿ ಗುರುತಿಸಿರಲಿಲ್ಲವೆಂದು ವಿದ್ಯಾರ್ಥಿಗಳ ಎದುರಿನಲ್ಲೇ ಹೇಳಿದರು. ಆ ಉಪನ್ಯಾಸಗಳು ಮರುವರ್ಷ ಪುಸ್ತಕವಾಗಿ ಬಂದವು. ಎದುರಾಳಿ ಬದುಕಿಲ್ಲದಿರುವಾಗ, ಒತ್ತಾಯಿಸುವವರು ಯಾರೂ ಇಲ್ಲದಿರುವಾಗ, ಪ್ರಾಧ್ಯಾಪಕರೊಬ್ಬರು ತಮ್ಮ ಲೆಕ್ಕವನ್ನು ಸಾರ್ವಜನಿಕವಾಗಿ ತಿದ್ದಿಕೊಂಡ ಈ ಘಟನೆ ಅರ್ಥಶಾಸ್ತ್ರದ ಇತಿಹಾಸದಲ್ಲಿ ಹೆಚ್ಚು ಸಿಗುವಂಥದ್ದಲ್ಲ.

ಅವರ ಕೊನೆಯ ವರ್ಷಗಳಲ್ಲಿ ಹೊಗೆಯ ಪ್ರಶ್ನೆ ಬ್ರಿಟನ್ನಿಗೆ ಭೀಕರವಾಗಿ ಮರಳಿತು. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನನ್ನು ಕಲ್ಲಿದ್ದಲ ಹೊಗೆ ಬೆರೆತ ದಟ್ಟ ಮಂಜು ಆವರಿಸಿತು. ಅಂದಿನ ಅಂದಾಜಿನ ಪ್ರಕಾರವೇ ಸುಮಾರು 4,000 ಜನ ಸತ್ತರು. 1956ರಲ್ಲಿ ಶುದ್ಧ ಗಾಳಿ ಕಾಯ್ದೆ ಬಂತು. ಆ ಕಾಯ್ದೆ ಹಿಡಿದ ದಾರಿ ತೆರಿಗೆಯದ್ದಲ್ಲ, ನಿಯಂತ್ರಣದ್ದು: ಕಪ್ಪು ಹೊಗೆಗೆ ನಿರ್ಬಂಧ ಹೇರಿತು, ಹೊಗೆರಹಿತ ವಲಯಗಳಿಗೆ ಅವಕಾಶ ಮಾಡಿತು. 1959ರ ಮಾರ್ಚ್ 7ರಂದು ಪಿಗು ಕೇಂಬ್ರಿಜ್‌ನಲ್ಲಿ ನಿಧನರಾದರು. ಅವರಿಗೆ 81 ವರ್ಷ.

ನಂತರದ ಚರ್ಚೆ

ಅವರು ತೀರಿಕೊಂಡ ಮರುವರ್ಷವೇ, 1960ರಲ್ಲಿ, ರೊನಾಲ್ಡ್ ಕೋಸ್ ಸಾಮಾಜಿಕ ವೆಚ್ಚದ ಸಮಸ್ಯೆಯ ಕುರಿತು ಬರೆದ ಲೇಖನದಲ್ಲಿ ಪಿಗು ಅವರ ರೈಲು ಕಿಡಿಯ ಉದಾಹರಣೆಯನ್ನೇ ತೆಗೆದುಕೊಂಡು ಪ್ರಶ್ನಿಸಿದರು. ಹಾನಿ ಎಂಬುದು ಎರಡೂ ಕಡೆಯಿಂದ ಹುಟ್ಟುತ್ತದೆ. ಹಕ್ಕು ಯಾರದೆಂದು ಸ್ಪಷ್ಟವಾಗಿದ್ದು, ಮಾತುಕತೆಗೆ ವೆಚ್ಚವಿಲ್ಲದಿದ್ದರೆ ರೈಲಿನವರೂ ಕಾಡಿನವರೂ ತಾವೇ ಒಪ್ಪಂದಕ್ಕೆ ಬಂದು ದಕ್ಷ ಫಲಿತಾಂಶ ತಲುಪಬಹುದು ಎಂಬುದು ಅವರ ವಾದದ ಒಂದು ಭಾಗ. ಒಂದು ಕಾರ್ಖಾನೆ ಮತ್ತು ಒಂದು ಹೊಲ ಇರುವಲ್ಲಿ ಈ ವಾದ ಮನಸ್ಸಿಗೆ ಹಿಡಿಸುತ್ತದೆ. ಆದರೆ ನಿಜಜೀವನದಲ್ಲಿ ಮಾತುಕತೆಗೆ ವೆಚ್ಚವಿದ್ದೇ ಇರುತ್ತದೆ ಎಂದು ಕೋಸ್ ಅವರೇ ಒತ್ತಿಹೇಳಿದ್ದರು. ಮ್ಯಾಂಚೆಸ್ಟರ್‌ನ ಲಕ್ಷಾಂತರ ಮನೆಗಳು ನೂರಾರು ಚಿಮಣಿಗಳ ಮಾಲೀಕರೊಡನೆ ಸೋಪಿನ ಖರ್ಚಿನ ಬಗ್ಗೆ ಒಪ್ಪಂದ ಮಾಡಿಕೊಳ್ಳುವುದನ್ನು ಊಹಿಸಿ ನೋಡಿದರೆ ತೆರಿಗೆ ಅಥವಾ ನಿಯಮ ಏಕೆ ಬೇಕಾಗುತ್ತದೆ ಎಂಬುದು ವಿದ್ಯಾರ್ಥಿಗಳಿಗೆ ಹೊಳೆಯುತ್ತದೆ. ಪಿಗು ಮತ್ತು ಕೋಸ್ ಇಬ್ಬರನ್ನೂ ಒಂದೇ ತರಗತಿಯಲ್ಲಿ ಎದುರುಬದುರು ಇಟ್ಟು ಚರ್ಚಾ ವಿಧಾನದಲ್ಲಿ ಪಾಠ ಮಾಡಬಹುದು.

ಪಿಗು ತೆರಿಗೆ ಇಂದು ಹಲವು ದೇಶಗಳಲ್ಲಿ ಆಚರಣೆಗೆ ಬಂದಿದೆ. ಇಂಗಾಲದ ಮೇಲೆ ಫಿನ್ಲೆಂಡ್ 1990ರಲ್ಲಿ, ಸ್ವೀಡನ್ 1991ರಲ್ಲಿ ತೆರಿಗೆ ಹಾಕಿದವು. 2003ರ ಫೆಬ್ರವರಿಯಲ್ಲಿ ಲಂಡನ್ನಿನ ಕೇಂದ್ರ ಭಾಗಕ್ಕೆ ಬರುವ ವಾಹನಗಳಿಗೆ ದಿನಕ್ಕೆ 5 ಪೌಂಡ್ ದಟ್ಟಣೆ ಶುಲ್ಕ ಆರಂಭವಾಯಿತು. ಭಾರತದಲ್ಲಿ 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿಯ ಶುದ್ಧ ಇಂಧನ ಸೆಸ್ ಹಾಕಲಾಯಿತು. 2016ರ ಹೊತ್ತಿಗೆ ಅದು 400 ರೂಪಾಯಿಗೆ ಏರಿತ್ತು. 2017ರಲ್ಲಿ ಜಿಎಸ್‌ಟಿ ಜಾರಿಯಾದಾಗ ಅದರ ಸ್ಥಾನಕ್ಕೆ ಪರಿಹಾರ ಸೆಸ್ ಬಂತು. ಇವುಗಳಲ್ಲಿ ಪ್ರತಿಯೊಂದರ ಬಗ್ಗೆಯೂ ಕೇಳಬೇಕಾದ ಪ್ರಶ್ನೆ ಒಂದೇ: ತೆರಿಗೆಯ ದರ ನಿಜವಾದ ಹಾನಿಗೆ ಎಷ್ಟು ಹತ್ತಿರವಿದೆ?

ತರಗತಿಗೆ ಕೆಲವು ಸೂಚನೆಗಳು

ಪಿಗು ಅವರ ಜೀವನದಿಂದ ಬೋಧನಾ ಕ್ರಮವೊಂದು ತಾನಾಗಿ ಮೂಡುತ್ತದೆ. ಮೊದಲು ಒಂದು ಮನೆಯ ಖರ್ಚು. ನಂತರ ಅದನ್ನು ಊರಿಗೆ ವಿಸ್ತರಿಸುವ ಲೆಕ್ಕ. ಆಮೇಲೆ ಆ ಲೆಕ್ಕ ಯಾರ ಪುಸ್ತಕದಲ್ಲೂ ಇಲ್ಲ ಎಂಬ ಅರಿವು. ಅದರ ನಂತರ ಅಂಕಿಗಳ ಉದಾಹರಣೆ. ಕೊನೆಯಲ್ಲಿ ಕಪ್ಪುಹಲಗೆಯ ಚಿತ್ರ. ಈ ಕ್ರಮದಲ್ಲಿ ಬಂದ ವಿದ್ಯಾರ್ಥಿಗೆ ಎರಡು ರೇಖೆಗಳ ನಡುವಿನ ಅಂತರ ಬರಿಯ ಜಾಗವಾಗಿ ಕಾಣುವುದಿಲ್ಲ. ಅಲ್ಲಿ ಸೋಪಿದೆ, ಸೌದೆಯಿದೆ, ಯಾರದೋ ತೋಳಿನ ನೋವಿದೆ ಎಂದು ಅವನಿಗೆ ಗೊತ್ತಿರುತ್ತದೆ.

ಚಟುವಟಿಕೆಯಾಗಿ, ವಿದ್ಯಾರ್ಥಿಗಳು ತಮ್ಮ ಊರಿನ ಯಾವುದಾದರೂ ಒಂದು ಕೆಲಸವನ್ನು ಆರಿಸಿ, ಅದರಿಂದ ಹಣ ಪಡೆಯುವವರು, ಹಣ ಕೊಡುವವರು, ಎರಡೂ ಅಲ್ಲದೆ ಪರಿಣಾಮ ಅನುಭವಿಸುವವರು ಎಂದು ಮೂರು ಕಂಬಸಾಲು ಬರೆದು ತರಲಿ. ಒಳಿತು ಹರಡುವ ಕೆಲಸಗಳೂ ಇರಲಿ. ಕೆರೆಯ ಹೂಳೆತ್ತಿದರೆ ಸುತ್ತಲಿನ ಬಾವಿಗಳಲ್ಲೂ ನೀರು ಏರುತ್ತದೆ. ಮೌಲ್ಯಮಾಪನಕ್ಕೆ ವ್ಯಾಖ್ಯೆ ಕೇಳುವ ಬದಲು ಮೂರನೆಯ ಸಾಲಿನಲ್ಲಿರುವವರ ವೆಚ್ಚವನ್ನು ಹೇಗೆ ಅಂದಾಜು ಮಾಡುವಿರಿ, ಆ ಅಂದಾಜಿನಲ್ಲಿ ಏನು ಬಿಟ್ಟುಹೋಗಿದೆ ಎಂದು ಕೇಳಬಹುದು. ಪ್ರಶ್ನೆಯ ಎರಡನೆಯ ಅರ್ಧವೇ ಹೆಚ್ಚು ಮುಖ್ಯ. ಮ್ಯಾಂಚೆಸ್ಟರ್‌ನ ಲೆಕ್ಕವನ್ನು ತಮ್ಮ ಪುಸ್ತಕಕ್ಕೆ ತೆಗೆದುಕೊಂಡಾಗ ಪಿಗು ಮೊತ್ತವನ್ನು ಬರೆದು ಮುಂದೆ ಹೋಗಲಿಲ್ಲ; ಅದರಲ್ಲಿ ಯಾವ ದುಡಿಮೆ ಸೇರಿಲ್ಲ ಎಂಬುದನ್ನೂ ಬರೆದರು. ನಮ್ಮ ವಿದ್ಯಾರ್ಥಿಗಳು ಉತ್ತರಪತ್ರಿಕೆಯಲ್ಲಿ ಆ ಒಂದು ಸಾಲನ್ನು ತಾವಾಗಿ ಸೇರಿಸುವಷ್ಟು ಕಲಿತರೆ ಬಾಹ್ಯತೆಯ ಪಾಠ ಅವರಿಗೆ ತಲುಪಿದೆ ಎಂದು ತಿಳಿಯಬಹುದು.